ಸಿಪ್ಪೆಗೆ ಸಿಹಿ ಇಳಿಯುವ ಹೊತ್ತು

ಬೃಂದಾಳಿಗೂ ಎಡ್ಸನ್‌ಗೂ ಮೊದಲು ಆದದ್ದು ಜಗಳ. ಅದೂ ಕಸಕ್ಕಾಗಿ.

ಲಂಡನ್ನಿನ ಟೂಟಿಂಗ್ ಮಾರ್ಕೆಟ್ಟಿನ ಒಳಗೆ, ಕರಿಬೇವು ಮಾರುವ ಅಂಗಡಿ ದಾಟಿ ಎಡಕ್ಕೆ ತಿರುಗಿದರೆ ಒಂದು ಜ್ಯೂಸ್ ಅಂಗಡಿ. ಜಾಫ್ನಾ ಕಡೆಯ ಅಣ್ಣನೊಬ್ಬ ಅಲ್ಲಿ ಬೆಳಗಿನಿಂದ ಕಿತ್ತಳೆ ಹಿಂಡುತ್ತಿರುತ್ತಾನೆ. ರಸ ಕಳೆದುಕೊಂಡ ಅರ್ಧ ಚಿಪ್ಪುಗಳು ಪಕ್ಕದ ನೀಲಿ ಕ್ರೇಟಿಗೆ ಬಿದ್ದು, ಯಾರೋ ಆಡಿ ಬಿಟ್ಟುಹೋದ ಪುಟ್ಟ ಪುಟ್ಟ ಬಟ್ಟಲುಗಳ ಹಾಗೆ ರಾಶಿಯಾಗುತ್ತವೆ. ನವೆಂಬರಿನ ಒಂದು ಶನಿವಾರ ಬೃಂದಾ ಅಣ್ಣನನ್ನು ಕೇಳಿಕೊಂಡು ಆ ಚಿಪ್ಪುಗಳನ್ನು ತನ್ನ ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಇನ್ನೊಂದು ಕೈ ಬಂದು ಕ್ರೇಟನ್ನು ಹಿಡಿಯಿತು.

"ಸಾರಿ, ದೀಸ್ ಆರ್ ಮೈನ್."

ತಲೆಯೆತ್ತಿ ನೋಡಿದಳು. ಉದ್ದನೆಯ ಯುವಕ. ಕಪ್ಪು ಜಾಕೆಟ್ಟಿನ ತೋಳಿನ ಮೇಲೆ ಒಣಗಿದ ಹಿಟ್ಟಿನ ಗುರುತು. ಮುಖದಲ್ಲಿ ತನ್ನ ಮನೆಗೆ ಕಳ್ಳರು ನುಗ್ಗಿದ್ದನ್ನು ಕಂಡವನ ದಿಗಿಲು.

"ಈ ಊರಲ್ಲಿ ಸಿಪ್ಪೆಗೂ ಕ್ಯೂ ನಿಲ್ಲಬೇಕೇನೋ," ಎಂದು ಬೃಂದಾ ತನ್ನಷ್ಟಕ್ಕೇ ಗೊಣಗಿದಳು.

"ನಿಲ್ಬೇಕು," ಎಂದ ಅವನು, ಕನ್ನಡದಲ್ಲಿ. "ನಾನು ಎರಡು ವರ್ಷದಿಂದ ನಿಲ್ತಾ ಇದ್ದೇನೆ. ಅಣ್ಣನನ್ನು ಕೇಳಿ ಬೇಕಾದ್ರೆ."

ಜ್ಯೂಸ್ ಅಣ್ಣ ಇಬ್ಬರ ಮುಖವನ್ನೂ ನೋಡಿ, ಇದು ತನಗೆ ಸಂಬಂಧಪಟ್ಟ ವಿಷಯವಲ್ಲ ಎಂಬಂತೆ ಇನ್ನೊಂದು ಕಿತ್ತಳೆಯನ್ನು ಕೊಯ್ದ.

"ಅಲ್ಲ, ನಿಮಗೆ ಇಷ್ಟು ಸಿಪ್ಪೆ ಎಂತಕ್ಕೆ?"

"ಗೊಜ್ಜಿಗೆ."

"ಗೊಜ್ಜಿಗಾ! ಇಡೀ ಲಂಡನ್ನಿಗೆ ಊಟ ಹಾಕ್ತೀರಾ?"

"ಉಳಿದದ್ದನ್ನ ಒಣಗಿಸಿ ಸೀಗೆಪುಡಿಗೆ ಸೇರಿಸ್ತೀನಿ. ತಲೆಗೆ."

ಅವನ ನೋಟ ಅವಳ ಭುಜದ ಮೇಲಿಂದ ಇಳಿದಿದ್ದ ಜಡೆಯ ಬುಡದಲ್ಲಿ ಶುರುವಾಗಿ, ಅವಸರವಿಲ್ಲದೆ ತುದಿಯವರೆಗೆ ಹೋಗಿ ನಿಂತಿತು. "ಓ, ಅದಕ್ಕೆ..." ಎಂದವನು ಮುಂದಿನ ಮಾತು ನುಂಗಿಕೊಂಡ. ಬೃಂದಾ ಜಡೆಯನ್ನು ಬೆನ್ನ ಹಿಂದಕ್ಕೆ ಎಸೆದಳು. ಏಕೆ ಎಸೆದೆ ಎಂದು ಆಮೇಲೆ ಬಸ್ಸಿನಲ್ಲಿ ಕೂತು ಯೋಚಿಸಿದಳು.

ಕೊನೆಗೆ ಕ್ರೇಟನ್ನು ಪಾಲು ಮಾಡಿಕೊಂಡರು. ಹೊರಡುವಾಗ ಅವನು ಜೇಬಿನಿಂದ ಸಣ್ಣ ಡಬ್ಬಿಯೊಂದನ್ನು ತೆಗೆದು ಮುಚ್ಚಳ ಬಿಚ್ಚಿದ. "ನನಗೆ ಎಂತಕ್ಕೆ ಅಂತ ನೀವು ಕೇಳಲೇ ಇಲ್ಲ. ತಗೊಳ್ಳಿ. ಕಳೆದ ವರ್ಷದ್ದು."

ಒಳಗಿದ್ದುದು ಬೆರಳಗಲದ ಕಿತ್ತಳೆ ಸಿಪ್ಪೆ. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಷ್ಟು ತಿಳಿಯಾಗಿತ್ತು, ಜೇನಿನಲ್ಲಿ ಅದ್ದಿದ ಗಾಜಿನ ಹಾಗೆ. ಬೃಂದಾ ಬಾಯಿಗೆ ಹಾಕಿಕೊಂಡಳು. ಮೊದಲು ಸಕ್ಕರೆ. ಆಮೇಲೆ ಹಲ್ಲಿಗೆ ಸಿಕ್ಕಿದ ಮೆತ್ತಗಿನ ಒಡಲು. ಆಮೇಲೆ, ಎಲ್ಲೋ ದೂರದಿಂದ ನಡೆದು ಬಂದಂತೆ, ಒಂದು ಸಣ್ಣ ಕಹಿ. ಆ ಕಹಿಯಿಂದಲೇ ಸಿಹಿಗೆ ಅರ್ಥ ಬಂತು.

ಅವನು ಅವಳ ಮುಖವನ್ನೇ ನೋಡುತ್ತಿದ್ದ. ಹುಡುಗಿಯನ್ನು ಹುಡುಗ ನೋಡುವ ಹಾಗೆ ಅಲ್ಲ. ಪರೀಕ್ಷೆಯ ಫಲಿತಾಂಶ ಹಚ್ಚುವ ಬೋರ್ಡನ್ನು ನೋಡುವ ಹಾಗೆ.

*

ಬೃಂದಾ ಮೈಸೂರಿನವಳು. ಬಯೋಕೆಮಿಸ್ಟ್ರಿ ಓದಿ, ಸಟನ್‌ನಲ್ಲಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಸ್ಯಾಂಪಲ್‌ಗಳನ್ನು ಪರೀಕ್ಷಿಸುತ್ತಿದ್ದಳು. ಯಾವುದನ್ನಾದರೂ ಕಂಡರೆ ಅದು ಹೇಗೆ ಆಯಿತು ಎಂದು ತಿಳಿಯದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಸಿಪ್ಪೆ ಕರಗದೆ, ಆಕಾರ ಕೆಡದೆ, ಅದರೊಳಗಿನ ನೀರೆಲ್ಲ ಹೋಗಿ ಆ ಜಾಗಕ್ಕೆ ಸಕ್ಕರೆ ಬಂದು ಕೂತದ್ದು ಹೇಗೆ? ವಾರವಿಡೀ ಅದೇ ಯೋಚನೆ. ಯೋಚನೆ ಸಿಪ್ಪೆಯದ್ದು ಮಾತ್ರ ಎಂದು ತನಗೆ ತಾನೇ ಹೇಳಿಕೊಂಡಳು.

ಮುಂದಿನ ಶನಿವಾರ ಅವನು ಅಲ್ಲೇ ಇದ್ದ. ಕ್ರೇಟಿನ ಅರ್ಧವನ್ನು ಆಗಲೇ ಅವಳಿಗೆಂದು ಬೇರೆ ಇಟ್ಟಿದ್ದ.

ಹೆಸರು ಎಡ್ಸನ್. ಕರಾವಳಿಯ ಶಿರ್ವದವನು. ಮನೆಯಲ್ಲಿ ಕೊಂಕಣಿ, ಓದಿದ್ದು ಕನ್ನಡದಲ್ಲಿ. ಈಗ ಫೆಲ್ಥಮ್‌ನಲ್ಲಿ, ವಿಮಾನಗಳಿಗೆ ಊಟ ಕಳಿಸುವ ಒಂದು ದೊಡ್ಡ ಅಡುಗೆಮನೆಯ ಡೆಸರ್ಟ್ ವಿಭಾಗದಲ್ಲಿ ಕೆಲಸ.

"ದಿನವಿಡೀ ಸಣ್ಣ ಕಪ್ಪಿಗೆ ಕೇಕ್ ಹಾಕುವುದು, ಮೇಲೆ ಕ್ರೀಮ್ ಹಾಕುವುದು, ಮುಚ್ಚಳ ಒತ್ತುವುದು. ನಾನು ಮಾಡಿದ್ದನ್ನು ತಿನ್ನುವವರ ಮುಖ ನಾನು ನೋಡಿಯೇ ಇಲ್ಲ, ಗೊತ್ತುಂಟಾ? ಎಲ್ಲರೂ ಆಕಾಶದಲ್ಲಿ ತಿಂತಾರೆ."

ಅವನಿಗೊಂದು ಆಸೆಯಿತ್ತು. ಇದೇ ಮಾರ್ಕೆಟ್ಟಿನಲ್ಲಿ, ಜ್ಯೂಸ್ ಅಣ್ಣನ ಪಕ್ಕದಲ್ಲೇ, ಒಂದು ಪುಟ್ಟ ಅಂಗಡಿ. ಸಕ್ಕರೆ ಹಿಡಿದ ಸಿಪ್ಪೆ, ಅದನ್ನು ಹಾಕಿದ ಕೇಕು, ಚಾಕೊಲೇಟಿನಲ್ಲಿ ಅದ್ದಿದ ಕಡ್ಡಿಗಳು. ಜನ ಎದುರಿಗೇ ನಿಂತು ತಿನ್ನಬೇಕು. ಆದರೆ ಸದ್ಯಕ್ಕೆ ಅವನ ತೊಂದರೆಯೇ ಬೇರೆ.

"ನಮ್ಮ ಮನೆಯಲ್ಲಿ ನಾಲ್ಕು ಜನ, ಒಂದೇ ಕಿಚನ್. ಸಿಪ್ಪೆಗೆ ಪಾಕ ಹಿಡಿಲಿಕ್ಕೆ ಹತ್ತು ದಿನ ಬೇಕು. ಹತ್ತು ದಿನವೂ ಪಕ್ಕದ ಒಲೆಯಲ್ಲಿ ವಿಲ್‌ಫ್ರೆಡ್‌ನ ಬಂಗುಡೆ. ಕಳೆದ ವರ್ಷ ಒಂದು ಪಾತ್ರೆಗೆ ಆ ವಾಸನೆ ಹಿಡಿದೇಬಿಟ್ಟಿತು ಮಾರಾಯ್ರೇ. ಕ್ರಿಸ್ಮಸ್ ಕೇಕ್ ತಿಂದು ನಮ್ಮ ಚರ್ಚಿನ ಮಾರ್ಗರೆಟ್ ಆಂಟಿ, 'ಎಡ್ಸನ್, ಯೇಸುಸ್ವಾಮಿ ಹುಟ್ಟಿದ್ದು ಗೋದಲಿಯಲ್ಲಿ, ಮೀನು ಮಾರ್ಕೆಟ್ಟಲ್ಲಿ ಅಲ್ಲ' ಅಂದ್ರು."

ಬೃಂದಾ ನಕ್ಕಳು. ನಗುವಿನ ನಡುವೆಯೇ, ಯೋಚಿಸದೆ ಮಾತಾಡುವ ಅಭ್ಯಾಸವಿಲ್ಲದ ಅವಳ ಬಾಯಿಂದ ಬಂತು: "ನನ್ನ ಒಲೆಯಲ್ಲಿ ಮಾಡಿ."

ಎಡ್ಸನ್ ಕೈಯಲ್ಲಿದ್ದ ಚಿಪ್ಪನ್ನು ಕ್ರೇಟಿಗೆ ಹಾಕಿದ. "ವೆಜಿಟೇರಿಯನ್ ಒಲೆಯಾ?"

"ಶುದ್ಧ."

"ಪಾಪ. ಹಾಗಾದ್ರೆ ಅದಕ್ಕೆ ಬಂಗುಡೆಯ ಪರಿಚಯವೇ ಇಲ್ಲ."

*

ಅವಳ ಫ್ಲ್ಯಾಟ್ ಇದ್ದದ್ದು ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ, ಮೇಲಿನ ಮಹಡಿಯಲ್ಲಿ. ಅಡುಗೆಮನೆಯ ಕಿಟಕಿ ಪಶ್ಚಿಮಕ್ಕಿತ್ತು. ಚಳಿಗಾಲದ ಬಿಸಿಲು ಮಧ್ಯಾಹ್ನ ಸ್ವಲ್ಪ ಹೊತ್ತು ಮಾತ್ರ ಒಳಗೆ ಬರುತ್ತಿತ್ತು, ಬಂದಷ್ಟು ಹೊತ್ತೂ ಒಲೆಯ ಮೇಲೆಯೇ ಇರುತ್ತಿತ್ತು.

ಚಿಪ್ಪುಗಳನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಇಬ್ಬರೂ ಮೇಜಿನ ಎರಡು ಬದಿಗೆ ಕೂತರು. ಒಳಗಿನ ತೊಳೆಯ ಪೊರೆಯನ್ನು ಚಮಚದಿಂದ ಕೆರೆದು ತೆಗೆಯುವ ಕೆಲಸ. ಬೃಂದಾ ಪೊರೆಯ ಜೊತೆ ಸಿಪ್ಪೆಯ ಬಿಳಿಭಾಗವನ್ನೂ ಶ್ರದ್ಧೆಯಿಂದ ಕೆರೆಯತೊಡಗಿದಳು.

"ಅಯ್ಯೋ, ಬಿಳಿ ತೆಗೀಬೇಡಿ!"

"ಕಹಿಯಲ್ವಾ ಅದು? ಗೊಜ್ಜಿಗೆ ನಾವು ಪೂರ್ತಿ ತೆಗೀತೀವಿ."

"ಸಕ್ಕರೆ ಕುಡಿಯುವುದು ಬಿಳಿಯೇ. ಮೇಲಿನ ಬಣ್ಣಕ್ಕೆ ಪರಿಮಳ ಮಾತ್ರ ಉಂಟು, ಹೊಟ್ಟೆ ಇಲ್ಲ."

ಸಿಪ್ಪೆಯನ್ನು ಉದ್ದುದ್ದ ಹೆಚ್ಚಿ ನೀರಿನಲ್ಲಿ ಕುದಿಸಿ, ನೀರು ಚೆಲ್ಲಿ, ಮತ್ತೆ ಹೊಸ ನೀರಿನಲ್ಲಿ ಕುದಿಸಿದರು. ಮೂರನೆಯ ನೀರಿಗೆ ಕಹಿ ಬಹಳ ಮಟ್ಟಿಗೆ ಇಳಿದು, ಸಿಪ್ಪೆ ಬೆರಳ ನಡುವೆ ಹಿಚುಕಿದರೆ ಸೋಲುವಷ್ಟು ಮೆತ್ತಗಾಯಿತು. ಆಮೇಲೆ ತೆಳು ಸಕ್ಕರೆ ಪಾಕ. ಅದರಲ್ಲಿ ಒಂದು ರಾತ್ರಿ. ಮರುದಿನ ಪಾಕವನ್ನು ಬಸಿದು, ಇನ್ನಷ್ಟು ಸಕ್ಕರೆ ಹಾಕಿ ಕುದಿಸಿ, ಬಿಸಿಬಿಸಿಯಾಗಿ ಮತ್ತೆ ಸಿಪ್ಪೆಯ ಮೇಲೆ ಸುರಿಯಬೇಕು. ಅದರ ಮರುದಿನ ಮತ್ತೆ. ದಿನಕ್ಕಿಷ್ಟೇ ಇಷ್ಟು ದಪ್ಪ.

"ಮೊದಲ ದಿನವೇ ದಪ್ಪ ಪಾಕಕ್ಕೆ ಹಾಕಿದ್ರೆ ಏನಾಗುತ್ತೆ?"

"ಹಾಕಿ ನೋಡಿ."

ಅವಳು ಎರಡು ತುಂಡನ್ನು ಬೇರೆ ಬಟ್ಟಲಲ್ಲಿ ಹಾಕಿ ನೋಡಿದಳು. ಬೆಳಗಾಗುವಷ್ಟರಲ್ಲಿ ಅವು ಮುದುರಿ ಹಳೆಯ ಚಪ್ಪಲಿಯ ಬಾರಿನಂತಾಗಿದ್ದವು. ಅವನಿಗೆ ಫೋನ್ ಮಾಡಿ ಸಂಭ್ರಮದಿಂದ ವಿವರಿಸಿದಳು: "ಹೊರಗಡೆ ಸಕ್ಕರೆ ಜಾಸ್ತಿ ಇದ್ರೆ ಸಿಪ್ಪೆಯೊಳಗಿನ ನೀರು ಒಂದೇ ಸಲಕ್ಕೆ ಹೊರಗೆ ಓಡಿಬಿಡುತ್ತೆ. ಒಡಲು ಕುಗ್ಗಿ ಗಟ್ಟಿಯಾಗುತ್ತೆ. ಸಕ್ಕರೆ ಒಳಗೆ ಹೋಗೋಣ ಅಂತ ಬರೋಷ್ಟರಲ್ಲಿ ಬಾಗಿಲು ಮುಚ್ಚಿರುತ್ತೆ."

"ನಾವು ಇಷ್ಟು ಉದ್ದ ಹೇಳುವುದಿಲ್ಲ. ಸಿಪ್ಪೆಗೆ ಗಾಬರಿ ಆಯ್ತು ಅಂತೇವೆ."

ಆಮೇಲೆ ಪ್ರತಿ ಸಂಜೆ ಅವಳು ಲ್ಯಾಬಿನಿಂದ ಬಂದು ಕೋಟು ಬಿಚ್ಚುವ ಮೊದಲೇ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಳು. ಅದೇ ಹೊತ್ತಿಗೆ ಫೋನ್ ಬರುತ್ತಿತ್ತು.

"ಹೇಗಿದ್ದಾರೆ ಸಿಪ್ಪೆಯವರು?"

"ಸ್ವಲ್ಪ ಪಾರದರ್ಶಕ ಆಗ್ತಿದ್ದಾರೆ."

"ಮತ್ತೆ ಅವರನ್ನು ನೋಡಿಕೊಳ್ಳುವವರು?"

"ಅವರು ಅಷ್ಟು ಸುಲಭಕ್ಕೆ ಪಾರದರ್ಶಕ ಆಗೋವರಲ್ಲ."

ಫೋನಿನ ಆ ಕಡೆ ಫೆಲ್ಥಮ್‌ನ ನೆತ್ತಿಯ ಮೇಲೆ ವಿಮಾನವೊಂದು ಇಳಿಯುವ ಸದ್ದು. ಅದು ಹಾದುಹೋಗುವವರೆಗೆ ಇಬ್ಬರೂ ಸುಮ್ಮನಿರುತ್ತಿದ್ದರು. ಆ ಮೌನ ಬೃಂದಾಳಿಗೆ ದಿನದಿಂದ ದಿನಕ್ಕೆ ಹೆಚ್ಚು ಇಷ್ಟವಾಗತೊಡಗಿತು. ಯಾವುದೋ ಒಂದು ಸಂಜೆ, ವಿಮಾನ ಹಾದುಹೋದ ಮೇಲೆ, ಅವನು 'ನೀವು' ಬಿಟ್ಟು 'ನೀನು' ಎಂದ. ಅವಳೂ ಎಂದಳು. ಇಬ್ಬರೂ ಅದನ್ನು ಗಮನಿಸಿದರು. ಇಬ್ಬರೂ ಗಮನಿಸದಂತೆ ಮುಂದಿನ ಮಾತಿಗೆ ಹೋದರು.

ಅವಳು ಬಾಲ್ಯದ ಕಥೆ ಹೇಳಿದಳು. ಅಜ್ಜಿಗೆ ಎಂಜಲು ಎಂದರೆ ಆಗುತ್ತಿರಲಿಲ್ಲ. ಅದಕ್ಕೆ ಅಕ್ಕತಂಗಿಯರು ಸೀಬೆಹಣ್ಣಿನ ಮೇಲೆ ಲಂಗದ ಅಂಚು ಮುಚ್ಚಿ, ಬಟ್ಟೆಯ ಮೇಲಿಂದಲೇ ಕಚ್ಚಿ ತುಂಡು ಮಾಡಿ ಹಂಚಿಕೊಳ್ಳುತ್ತಿದ್ದರು. "ಕಾಗೆ ಎಂಜಲು ಅಂತಿದ್ವಿ. ಬಟ್ಟೆ ಇದ್ರೆ ಎಂಜಲಲ್ಲ. ಅಜ್ಜಿಯೂ ಬಯ್ಯೋ ಹಾಗಿಲ್ಲ."

"ನಾವೂ ಮಾಡ್ತಿದ್ದೆವು ಅದು, ಪೆಪ್ಪರ್‌ಮಿಂಟಿಗೆ," ಎಂದ ಎಡ್ಸನ್. ಆಮೇಲೆ ನಗುತ್ತಲೇ ತನ್ನದೊಂದು ಹೇಳಿದ. ಚಿಕ್ಕಂದಿನಲ್ಲಿ ಒಬ್ಬ ಗೆಳೆಯನ ಮನೆಗೆ ಆಡಲು ಹೋಗುತ್ತಿದ್ದ. ಗೆಳೆಯನ ತಾಯಿ ಬಹಳ ಒಳ್ಳೆಯವರು. ತಮ್ಮ ಮಗನಿಗೆ ಒಂದು ಲಾಡು ಕೊಟ್ಟರೆ ಇವನಿಗೆ ಎರಡು. "ಆದರೆ ನನ್ನ ಕಾಫಿ ಲೋಟ ಮಾತ್ರ ಹೊರಗೆ ಕಿಟಕಿಯ ದಂಡೆಯಲ್ಲಿ. ಕುಡಿದು, ತೊಳೆದು, ನಾನೇ ಕವುಚಿ ಇಡಬೇಕು. ನನಗೆ ಪ್ರತ್ಯೇಕ ಲೋಟ ಇಟ್ಟಿದ್ದಾರೆ ಅಂತ ಎಷ್ಟೋ ದಿನ ನನಗೆ ದೊಡ್ಡ ಹೆಮ್ಮೆ!"

ಬೃಂದಾ ನಕ್ಕಳು. ನಕ್ಕು ಮುಗಿಯುವ ಮೊದಲೇ ಅದು ನಗುವ ಮಾತಲ್ಲ ಎಂದು ತಿಳಿಯಿತು. ಅಷ್ಟರಲ್ಲಿ ಇನ್ನೊಂದು ವಿಮಾನ ಬಂತು.

*

ಅವಳ ಅಡುಗೆಮನೆಗೆ ಎರಡನೆಯ ಶನಿವಾರ ಅವನು ಬಂದಾಗ ಪಾಕ ತಿಳಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಸಿಪ್ಪೆಗಳು ಅದರೊಳಗೆ ನಿದ್ದೆಯಲ್ಲಿದ್ದಂತೆ ಅಲುಗುತ್ತಿದ್ದವು. ಬಿಸಿಲು ಸರಿಯಾಗಿ ಪಾತ್ರೆಯೊಳಗೆ ಬಿದ್ದಿತ್ತು. ಇಡೀ ಫ್ಲ್ಯಾಟಿನಲ್ಲಿ, ಮೆಟ್ಟಿಲಿನಲ್ಲಿ, ಬೃಂದಾಳ ಜಡೆಯಲ್ಲಿ ಕಿತ್ತಳೆಯ ಘಮ.

"ಸೀಗೆಪುಡಿಯ ಅವಶ್ಯಕತೆಯೇ ಇಲ್ಲ ಈಗ," ಎಂದ ಎಡ್ಸನ್, ಅವಳ ಹಿಂದಿನಿಂದ ಹಾದುಹೋಗುತ್ತಾ.

"ಕೆಲಸ ನೋಡು ಮಾರಾಯ," ಎಂದಳು ಅವಳು, ಅವನ ಭಾಷೆಯಲ್ಲೇ. ಕೆನ್ನೆ ಬಿಸಿಯಾದದ್ದು ಒಲೆಯಿಂದ ಎಂದುಕೊಂಡಳು.

ಅವನು ಚಮಚದಲ್ಲಿ ಪಾಕ ತೆಗೆದು, ಊದಿ, ಬಾಯಿಗಿಟ್ಟು ಕಣ್ಣು ಮುಚ್ಚಿದ. ಕೆಲಸದ ಕಡೆ ಅವನು ಕೈಗೆ ಗ್ಲೌಸ್, ತಲೆಗೆ ಬಲೆ ಇಲ್ಲದೆ ಏನನ್ನೂ ಮುಟ್ಟುವವನಲ್ಲ. ಒಂದು ರುಚಿಗೆ ಒಂದು ಚಮಚ, ಮತ್ತೊಂದಕ್ಕೆ ಮತ್ತೊಂದು. ಈಗ ಅವನಿಗೆ ಅದೆಲ್ಲ ಮರೆತೇಹೋಗಿತ್ತು. ಕಣ್ಣು ತೆರೆದವನು ಅದೇ ಚಮಚದಲ್ಲಿ ಒಂದು ತುಂಡು ಸಿಪ್ಪೆ ಎತ್ತಿಕೊಂಡು, ಕೆಳಗೆ ಅಂಗೈ ಒಡ್ಡಿ, ಅವಳ ತುಟಿಯವರೆಗೆ ತಂದ.

"ನೋಡು."

ಅವನ ಮುಖ ಅಷ್ಟು ಹತ್ತಿರ ಯಾವತ್ತೂ ಬಂದಿರಲಿಲ್ಲ. ತಿನ್ನುವಾಗಿನ ಅವಳ ಮುಖ ನೋಡಲು ಅವನು ಕಾಯುತ್ತಿದ್ದ.

ಬೃಂದಾಳ ಕೈ ತಾನಾಗಿಯೇ ಮೇಲೆದ್ದಿತು. ಚಮಚವನ್ನು ಅವನ ಕೈಯಿಂದ ತೆಗೆದುಕೊಂಡಿತು. ಸಿಪ್ಪೆಯನ್ನು ಸಿಂಕಿಗೆ ಬೀಳಿಸಿತು. ನಲ್ಲಿ ತಿರುಗಿಸಿ ಚಮಚವನ್ನು ಸೋಪು ಹಚ್ಚಿ ತೊಳೆದು, ಕವುಚಿ ಇಟ್ಟು, ಡ್ರಾಯರಿನಿಂದ ಇನ್ನೊಂದು ಚಮಚ ತೆಗೆಯಿತು. ಎಲ್ಲವೂ ದಿನನಿತ್ಯದ ಕೆಲಸದಷ್ಟು ಸಲೀಸಾಗಿ ಮುಗಿದುಹೋಯಿತು.

ಹೊಸ ಚಮಚ ಹಿಡಿದು ತಿರುಗಿದಾಗ ಎಡ್ಸನ್ ಕಿಟಕಿಯ ದಂಡೆಯನ್ನು ನೋಡುತ್ತಿದ್ದ.

"ಪರವಾಗಿಲ್ಲ," ಎಂದ. ಯಾರೂ ಕ್ಷಮೆ ಕೇಳಿರಲಿಲ್ಲ.

*

ವಾರದ ನಡುವೆ ಅವನು ಫೋನ್ ಮಾಡಲಿಲ್ಲ. ಮೆಸೇಜು ಮಾತ್ರ ಬಂತು, ಪಾಕಕ್ಕೆ ಇಂದು ಇಷ್ಟು ಸಕ್ಕರೆ, ಒಂದೆರಡು ಹನಿ ನಿಂಬೆರಸ, ಕಲಕಬೇಡಿ ಎಂದು. ಆ 'ಕಲಕಬೇಡಿ'ಯ ಕೊನೆಯ ಅಕ್ಷರವನ್ನು ಬೃಂದಾ ಬಹಳ ಹೊತ್ತು ನೋಡಿದಳು.

ಶನಿವಾರದವರೆಗೂ ಕಾಯದೆ ಗುರುವಾರ ಸಂಜೆಯೇ ಬಂದ. ಸಿಪ್ಪೆ ತೆಗೆದು ಜಾಲರಿಯ ಮೇಲೆ ಒಣಹಾಕುವ ದಿನ. ಬ್ಯಾಗಿನಿಂದ ಟಿಶ್ಯೂ ಸುತ್ತಿದ ಏನನ್ನೋ ತೆಗೆದು ಮೇಜಿನ ಮೇಲಿಟ್ಟ. ಬಿಚ್ಚಿದಾಗ ಒಂದು ಚಮಚ. ಅವನ ಮನೆಯದು. ಅದರಿಂದಲೇ ಪಾಕದ ರುಚಿ ನೋಡಿದ, ತೊಳೆದ, ಒರೆಸಿದ, ಮತ್ತೆ ಟಿಶ್ಯೂವಿನಲ್ಲಿ ಸುತ್ತಿದ. ಅದರಲ್ಲಿ ಸಿಟ್ಟಿರಲಿಲ್ಲ. ಬೇರೆಯವರ ಮನೆಯ ರೀತಿಗೆ ತೊಂದರೆಯಾಗದಂತೆ ನಡೆದುಕೊಳ್ಳುವ ಹಳೆಯ ಸೌಜನ್ಯವಿತ್ತು. ಸಿಟ್ಟಾದರೂ ಇದ್ದಿದ್ದರೆ ಬೃಂದಾ ಏನಾದರೂ ಹೇಳಬಹುದಿತ್ತು.

"ಎಡಿನ್‌ಬರೋದಲ್ಲಿ ಒಂದು ಹೋಟೆಲಿನವರು ಕರೆದಿದ್ದಾರೆ," ಎಂದ, ಸಿಪ್ಪೆಗಳನ್ನು ಸಾಲಾಗಿ ಜೋಡಿಸುತ್ತಾ. "ಪೇಸ್ಟ್ರಿ ಕಿಚನ್. ಸೋಮವಾರದ ಒಳಗೆ ಹೇಳ್ಬೇಕು."

"ಮತ್ತೆ ಮಾರ್ಕೆಟ್ಟಿನ ಅಂಗಡಿ? ಜನರ ಮುಖ ನೋಡಬೇಕು ಅಂತಿದ್ದೆ."

"ಎಲ್ಲರ ಮುಖ ನೋಡಬಾರದು ಅಂತ ಕಾಣ್ತದೆ," ಎಂದು ನಕ್ಕ. "ನೀವು ಬಹಳ ಸಹಾಯ ಮಾಡಿದ್ರಿ. ಒಣಗಿದ ಮೇಲೆ ಭಾನುವಾರ ಬಂದು ತಗೊಂಡು ಹೋಗ್ತೇನೆ."

ಅವನು ಹೋದ ಮೇಲೆ ಅವಳು ಜಾಲರಿಯ ಎದುರು ಕೂತಳು. ಲ್ಯಾಬಿನಲ್ಲಿ ಯಾವುದನ್ನೂ ಬಾಯಿಯ ಹತ್ತಿರ ಒಯ್ಯಬಾರದು. ಅದು ಮೊದಲ ಪಾಠ. ಹಾಗೆಂದು ಹೇಳಿಬಿಟ್ಟರೆ ಸಾಕು, ಅವನು ನಂಬುತ್ತಾನೆ. ಆದರೆ ಅವಳಿಗೆ ಅದು ಪೂರ್ತಿ ಉತ್ತರವಲ್ಲ ಎಂದು ಗೊತ್ತಿತ್ತು, ಮತ್ತು ಅರ್ಧ ಉತ್ತರ ಬರೆದು ಎದ್ದುಹೋಗುವ ಜಾತಿಯವಳಲ್ಲ ಅವಳು.

ಅಮ್ಮ ವಿಶಾಲಾಕ್ಷಿಗೆ ವೀಡಿಯೊ ಕಾಲ್ ಮಾಡಿದಳು. ಕ್ಷೇಮಸಮಾಚಾರ ಮುಗಿಯುವ ಮೊದಲೇ ಕೇಳಿದಳು: "ಅಮ್ಮ, ನೀನು ಯಾವತ್ತಾದ್ರೂ ಅಪ್ಪನ ಎಂಜಲು ತಿಂದಿದ್ದೀಯಾ?"

"ಥೂ, ಏನೇ ಇದು ಪ್ರಶ್ನೆ!" ವಿಶಾಲಾಕ್ಷಿ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದರು. "ಮದುವೆಯಾದ ಹೊಸದ್ರಲ್ಲಿ ಒಂದ್ಸಲ. ಐಸ್‌ಕ್ರೀಮು. ಅಂಗಡಿಯವನು ಒಂದೇ ಸ್ಪೂನ್ ಕೊಟ್ಟಿದ್ದ. ಇನ್ನೊಂದು ಕೇಳ್ಬಹುದಿತ್ತು. ಇವರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ." ತೆರೆಯ ಮೇಲೆ ಅಮ್ಮನ ಮುಖ ಮೂವತ್ತು ವರ್ಷ ಚಿಕ್ಕದಾಯಿತು. ಮರುಕ್ಷಣ ಮತ್ತೆ ಅಮ್ಮನಾಯಿತು. "ಯಾರೇ ಅವನು? ಆ ಸಿಪ್ಪೆ ಹುಡುಗನಾ?"

"ಹ್ಞೂಂ. ಎಡ್ಸನ್."

ಮೈಸೂರಿನ ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ವಿಶಾಲಾಕ್ಷಿ ಎದ್ದು ಒಲೆ ಆರಿಸಿ ಬಂದರು.

"ನನಗೆ ಇದೆಲ್ಲ ಒಂದೇ ಸಲಕ್ಕೆ ಆಗಲ್ಲ ಕಣೇ," ಎಂದರು ಕೊನೆಗೆ. "ನಿಧಾನವಾಗಿ ಹೇಳು. ದಿನಕ್ಕೆ ಸ್ವಲ್ಪ ಸ್ವಲ್ಪ."

ಬೃಂದಾಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು.

*

ಭಾನುವಾರ ಅವಳು ಅವನು ಬರುವುದನ್ನು ಕಾಯಲಿಲ್ಲ. ಬೆಳಿಗ್ಗೆ ಎದ್ದು ಕೇಸರಿಬಾತ್ ಮಾಡಿದಳು. ರವೆ ಹುರಿದು, ತುಪ್ಪಕ್ಕೆ ಕೈ ಹಿಡಿಯದೆ, ಇಳಿಸುವ ಮೊದಲು ದ್ರಾಕ್ಷಿಯ ಬದಲು ಸಣ್ಣಗೆ ಹೆಚ್ಚಿದ ಸಿಪ್ಪೆ ಬೆರೆಸಿದಳು. ಒಣಗಿದ ಸಿಪ್ಪೆಗಳನ್ನು ಸಕ್ಕರೆಯಲ್ಲಿ ಹೊರಳಿಸಿ ದೊಡ್ಡ ಗಾಜಿನ ಭರಣಿಗೆ ತುಂಬಿದಳು. ಎರಡನ್ನೂ ಮಡಿಲಲ್ಲಿಟ್ಟುಕೊಂಡು ಟ್ರೇನ್ ಹತ್ತಿದಳು. ಕ್ಲಾಪಮ್ ಜಂಕ್ಷನ್ನಿನಲ್ಲಿ ಬದಲಿಸಿ ಫೆಲ್ಥಮ್ ಕಡೆಯ ಗಾಡಿ ಹಿಡಿದಾಗ ಕಿಟಕಿಯ ಆಚೆ ಮಂಜು ಇನ್ನೂ ಏಳುತ್ತಿತ್ತು. ಬಿಸಿಲು ಬಿದ್ದಾಗಲೆಲ್ಲ ಭರಣಿ ಹೊತ್ತಿಕೊಂಡಂತೆ ಹೊಳೆಯುತ್ತಿತ್ತು. ಎದುರು ಕೂತಿದ್ದ ಮುದುಕಿಯೊಬ್ಬಳು ಅದನ್ನು ನೋಡಿ, ಬೃಂದಾಳ ಮುಖವನ್ನೂ ನೋಡಿ, ಸುಮ್ಮನೆ ಮುಗುಳ್ನಕ್ಕಳು.

ಬಾಗಿಲು ತೆರೆದ ಎಡ್ಸನ್‌ನ ಏಪ್ರನ್ನಿನ ತುಂಬ ಹಿಟ್ಟು.

"ನಾನೇ ಬರ್ತಿದ್ದೆ ಅಲ್ಲ, ಮಧ್ಯಾಹ್ನ?"

"ನನ್ನ ಮನೆಗೆ ನಿಮಗೆ ದಾರಿ ಗೊತ್ತು. ನಿಮ್ಮ ಮನೆಗೆ ನನಗೆ ಗೊತ್ತಿರಲಿಲ್ಲ. ಜ್ಯೂಸ್ ಅಣ್ಣನ ಹತ್ರ ಕೇಳ್ಕೊಂಡು ಬಂದೆ."

ಒಳಗೆ ಕಾಲಿಟ್ಟರೆ ಬಂಗುಡೆ. ಒಲೆಯ ಮುಂದೆ ಬನಿಯನ್ ತೊಟ್ಟ ವಿಲ್‌ಫ್ರೆಡ್ ಬಾಣಲೆ ಹಿಡಿದು ನಿಂತಿದ್ದ. ಏರ್‌ಪೋರ್ಟಿನಲ್ಲಿ ಸೂಟ್‌ಕೇಸು ಎತ್ತುವ ಅವನ ತೋಳುಗಳು, ಬಾಗಿಲಲ್ಲಿ ಜಡೆಯ ಹುಡುಗಿಯನ್ನು ಕಂಡದ್ದೇ, ಏನು ಮಾಡಬೇಕೆಂದು ತಿಳಿಯದೆ ಬಾಣಲೆಯನ್ನು ಬೆನ್ನ ಹಿಂದೆ ಮುಚ್ಚಿಡಲು ನೋಡಿದವು.

"ಇದು ಅವರಾ? ಸಿಪ್ಪೆ ಮೇಡಮ್? ಅಯ್ಯೋ, ಕಿಟಕಿ ತೆಗಿ ಎಡ್ಸನ್! ಎಂತ ಮಾರಾಯ, ಮೊದಲೇ ಹೇಳ್ಲಿಕ್ಕಾಗುದಿಲ್ವಾ? ನಾನು ಇವತ್ತು ಮೊಟ್ಟೆ ಮಾಡ್ತಿದ್ದೆ!"

"ಮೊಟ್ಟೆಯೂ ತಿನ್ನುದಿಲ್ಲ ಅವರು."

"ಹಾಗಾದ್ರೆ ನಾನು ಎಂತ ಮಾಡಿದ್ರೂ ತಪ್ಪೇ," ಎಂದು ವಿಲ್‌ಫ್ರೆಡ್ ಬಾಣಲೆಯೊಂದಿಗೆ ಹಿತ್ತಲಿಗೆ ಹೋಗಿ ಬಾಗಿಲೆಳೆದುಕೊಂಡ.

ಬೃಂದಾ ಭರಣಿಯನ್ನೂ ಡಬ್ಬಿಯನ್ನೂ ಮೇಜಿನ ಮೇಲಿಟ್ಟಳು. ಟ್ರೇನಿನಲ್ಲಿ ಜೋಡಿಸಿಕೊಂಡಿದ್ದ ವಾಕ್ಯಗಳೆಲ್ಲ ಮರೆತುಹೋಗಿದ್ದವು.

"ಆ ದಿನ ಸ್ಪೂನ್ ತೊಳೆದೆನಲ್ಲ."

"ಬಿಡಿ. ಲ್ಯಾಬಿನ ಅಭ್ಯಾಸ. ನನಗೆ ಅರ್ಥ ಆಗ್ತದೆ."

"ಅರ್ಧ ಅದು. ಅಷ್ಟನ್ನೇ ಹೇಳಿ ಮುಗಿಸಬಹುದು, ಆದರೆ ಅದು ಸುಳ್ಳಾಗುತ್ತೆ." ಅವಳು ತನ್ನ ಬಲಗೈಯನ್ನು ಮೇಜಿನ ಮೇಲೆ, ಬೇರೆ ಯಾರದೋ ವಸ್ತುವಿನಂತೆ, ಇಟ್ಟಳು. "ಈ ಕೈ ನನ್ನನ್ನ ಕೇಳದೆ ಮಾಡ್ತು. ಯಾರು ಕಲಿಸಿದ್ರು ಇದಕ್ಕೆ ಅಂತ ಯೋಚಿಸಿದೆ. ಅಜ್ಜಿ. ಅಜ್ಜಿಗೆ ಅವರ ಅಜ್ಜಿ. ನಿಮಗೆ ಎರಡು ಲಾಡು ಕೊಟ್ಟರಲ್ಲ, ಆ ಆಂಟಿಗೂ ಅಂಥವರೇ ಯಾರೋ ಕಲಿಸಿರಬೇಕು. ಅವರ ಹತ್ರ ಪ್ರೀತಿ ಇರಲಿಲ್ಲ ಅಂತಲ್ಲ."

"ಪ್ರೀತಿ ಇತ್ತು," ಎಂದ ಎಡ್ಸನ್. "ಅದಕ್ಕೇ ಇಷ್ಟು ವರ್ಷ ನೋಯ್ತಾ ಇರುವುದು."

ಮೇಲೆ ವಿಮಾನವೊಂದು ಇಳಿಯಿತು. ಕಿಟಕಿಯ ಗಾಜು ಸಣ್ಣಗೆ ನಡುಗಿತು. ಈ ಸಲ ಆ ಮೌನದಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದರು.

"ನನ್ನ ಕೈ ನಿಮ್ಮನ್ನಲ್ಲ, ಆ ಹಳೇದನ್ನ ನಂಬಿತ್ತು. ನಾನು ನಂಬಲ್ಲ. ಅದನ್ನ ಹೇಳೋಕೆ ಬಂದೆ. ತಪ್ಪಾಯ್ತು, ಎಡ್ಸನ್."

ಅವನು ಏಪ್ರನ್ನಿಗೆ ಕೈ ಒರೆಸಿಕೊಂಡ. "ಒಂದು ಮಾತು. ಪ್ರಾಯಶ್ಚಿತ್ತಕ್ಕೆ ಅಂತ ನೀವು ಎಂತದೂ ಮಾಡ್ಬಾರದು. ನನಗೆ ಅದು ಬೇಡ. ನನ್ನ ಮೇಲೆ ದಯೆ ತೋರಿಸುವವರು ಯಾವಾಗಲೂ ಇದ್ರು."

"ಪ್ರಾಯಶ್ಚಿತ್ತಕ್ಕೆ ಯಾರಾದ್ರೂ ಕೇಸರಿಬಾತ್ ಮಾಡ್ತಾರಾ?" ಬೃಂದಾ ಡಬ್ಬಿಯ ಮುಚ್ಚಳ ತೆಗೆದಳು. "ತುಪ್ಪ ನೋಡಿ ಸ್ವಲ್ಪ. ಇದು ಪೂರ್ತಿ ಆಸೆಬುರುಕರ ಕೆಲಸ."

ಕೇಸರಿಯ ನಡುವೆ ಸಿಪ್ಪೆಯ ಚೂರುಗಳು ಹರಳಿನಂತೆ ಮಿನುಗುತ್ತಿದ್ದವು. ಎಡ್ಸನ್ ತಡೆಯಲಾರದೆ ನಕ್ಕ. ಸ್ಟ್ಯಾಂಡಿನಲ್ಲಿದ್ದ ತನ್ನ ಚಮಚ ತೆಗೆದು ಒಂದು ತುತ್ತು ತಿಂದ. ಕಣ್ಣು ಮುಚ್ಚಿದ. ಈ ಸಲ ಫಲಿತಾಂಶದ ಬೋರ್ಡು ನೋಡುವ ಸರದಿ ಅವಳದು.

"ರವೆಯ ಜೊತೆ ಸಿಪ್ಪೆ," ಎಂದ ನಿಧಾನವಾಗಿ. "ನನಗೆ ಹೊಳೆದೇ ಇರಲಿಲ್ಲ. ಇದು ಅಂಗಡಿಯಲ್ಲಿ ಇಡಬೇಕಾದ್ದು."

"ಯಾವ ಅಂಗಡೀಲಿ? ಎಡಿನ್‌ಬರೋದಲ್ಲಾ?"

ಅವನು ಭರಣಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಭರಣಿಯ ಮುಚ್ಚಳ ತಿರುಗಿಸಿ ಉದ್ದನೆಯ ಸಿಪ್ಪೆಯೊಂದನ್ನು ಆರಿಸಿದ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಆಚೆ ಕಡೆ ಫೆಲ್ಥಮ್‌ನ ಆಕಾಶ, ಒಂದು ಚಿಮಣಿ, ಒಂದು ಒಣಗುವ ಬಟ್ಟೆಯ ಹಗ್ಗ, ಎಲ್ಲವೂ ಕಿತ್ತಳೆ ಬಣ್ಣದಲ್ಲಿ. ಅರ್ಧ ಕಚ್ಚಲೆಂದು ಬಾಯಿಯ ಹತ್ತಿರ ತಂದವನು, ಅವಳು ನೋಡುತ್ತಿರುವುದನ್ನು ಕಂಡು ನಿಲ್ಲಿಸಿದ. ಕಣ್ಣಿನ ಮೂಲೆಯಲ್ಲಿ ಹಳೆಯ ತುಂಟತನ ಮೆಲ್ಲನೆ ಹಿಂದಿರುಗಿತು. ಏಪ್ರನ್ನಿನ ಅಂಚು ಕೊಡವಿ, ಸಿಪ್ಪೆಯ ಮೇಲೆ ಮುಚ್ಚಿದ.

"ಕಾಗೆ ಎಂಜಲು ಮಾಡಿ ಕೊಡ್ಲಾ? ನಿನ್ನ ಅಜ್ಜಿಯೂ ಬಯ್ಯುವ ಹಾಗಿಲ್ಲ."

'ನಿನ್ನ' ಎಂದಿದ್ದ. ಬೃಂದಾ ಹತ್ತಿರ ಬಂದು ಸಿಪ್ಪೆಯ ಮೇಲಿನ ಏಪ್ರನ್ನಿನ ಅಂಚನ್ನು ಎರಡು ಬೆರಳಿನಿಂದ ಎತ್ತಿ ಕೆಳಗೆ ಬಿಟ್ಟಳು.

"ಬಟ್ಟೆ ಬೇಡ."

ಅವನು ನಗುವುದನ್ನು ಮರೆತ. ಸಿಪ್ಪೆಯ ಅರ್ಧ ಕಚ್ಚಿದ. ಉಳಿದರ್ಧ ಅವನ ಬೆರಳ ತುದಿಯಲ್ಲಿ ನಿಂತಿತು, ಕೊಡಲೋ ಬೇಡವೋ ಎನ್ನುವಂತೆ. ಅವಳು ಕಾಯಲಿಲ್ಲ. ಅವನ ಮಣಿಕಟ್ಟು ಹಿಡಿದು, ಬೆರಳಿನಿಂದಲೇ ತಿಂದಳು. ಮೊದಲು ಸಕ್ಕರೆ. ಆಮೇಲೆ ಬಿಳಿಯ ಮೆತ್ತನೆ ಒಡಲು. ಆಮೇಲೆ ದೂರದಿಂದ ಬರುವ ಆ ಸಣ್ಣ ಕಹಿ, ಹೋಗಬೇಕಾದಷ್ಟು ಹೋಗಿ, ಉಳಿಯಬೇಕಾದಷ್ಟು ಉಳಿದದ್ದು.

ಎಡ್ಸನ್ ಅವಳ ಮುಖವನ್ನು ನೋಡಿದ. ತುಂಬ ಹೊತ್ತು ನೋಡಿದ.

"ಹೇಗುಂಟು?" ಎಂದ.

"ಗಾಬರಿಯೆಲ್ಲ ಹೋಗಿದೆ."

ಹಿತ್ತಲಿನಿಂದ ವಿಲ್‌ಫ್ರೆಡ್ ಕೂಗಿದ: "ಒಳಗೆ ಬರ್ಬಹುದಾ? ಬಂಗುಡೆ ತಣ್ಣಗಾಯ್ತು ಮಾರಾಯ!"

"ಬೇಡ!" ಎಂದರು ಇಬ್ಬರೂ.

"ನಾಳೆ ಸೋಮವಾರ," ಎಂದಳು ಬೃಂದಾ, ಅವನ ಮಣಿಕಟ್ಟು ಇನ್ನೂ ಬಿಡದೆ. "ಅವರಿಗೆ ಏನು ಹೇಳ್ತೀಯಾ?"

"ಬರ್ಲಿಕ್ಕಾಗುದಿಲ್ಲ, ಟೂಟಿಂಗಲ್ಲಿ ಸಿಪ್ಪೆಗೆ ಕ್ಯೂ ನಿಲ್ಲಲಿಕ್ಕುಂಟು ಅಂತ ಹೇಳ್ತೇನೆ."

ಅವಳು ಹೊರಡುವಾಗ ಬಿಸಿಲು ವಾಲಿತ್ತು. ಬಾಗಿಲ ಬಳಿ ನಿಂತು, ಏನೋ ನೆನಪಾದವಳಂತೆ, ಮತ್ತೆ ಒಳಗೆ ಹೋದಳು. ಮೇಜಿನ ಮೇಲೆ ಕೇಸರಿ ಮೆತ್ತಿಕೊಂಡಿದ್ದ ಅವನ ಚಮಚವನ್ನು ಎತ್ತಿಕೊಂಡಳು. ತೊಳೆಯಲಿಲ್ಲ. ಹಾಗೆಯೇ ಖಾಲಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು.

"ಅದು ನನ್ನದು!" ಎಂದ ಎಡ್ಸನ್.

"ಗೊತ್ತು," ಎಂದಳು ಬೃಂದಾ. "ಇನ್ನು ನನ್ನ ಡ್ರಾಯರಲ್ಲಿ ಇರಲಿ. ಮಿಕ್ಕವುಗಳ ಜೊತೆ."